ಹುಳುವಲ್ಲ, ಬೂಷ್ಟು

ನಾನು ಮೂರನೆಯ ತರಗತಿಯಲ್ಲಿದ್ದಾಗ ತಲೆಯ ಮೇಲೆ ರೂಪಾಯಿ ಅಗಲದ ಹುಳುಕಡ್ಡಿ ಎದ್ದಿತು. ಮೇಷ್ಟ್ರು ನನ್ನನ್ನು ಹಿಂದಿನ ಗೋಡೆಯ ಬಳಿ ಒಂಟಿಯಾಗಿ ಕೂರಿಸಿದರು. ಕ್ಷೌರಿಕ ಕತ್ತರಿ ಮುಟ್ಟಲೊಲ್ಲ. ಅಜ್ಜಿ ಸೀಮೆಅಗಸೆಯ ಸೊಪ್ಪು ಅರೆದು ಹಚ್ಚಿದರು. ಒಳಗೆ ಹುಳುವಿದೆಯೆಂದೇ ಎಲ್ಲರ ನಂಬಿಕೆ. ಇಂಗ್ಲಿಷಿನ ಹೆಸರಿನಲ್ಲೂ ಹುಳುವೇ ಇದೆಯಷ್ಟೆ! ಅದು ಹಳಸಿದ ರೊಟ್ಟಿಯ ಮೇಲೆ ಏಳುವ ಬೂಷ್ಟಿನ ದಾಯಾದಿಯೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ಡೇವಿಡ್ ಗ್ರೂಬಿ 1841ರಿಂದ 1844ರವರೆಗಿನ ಲೇಖನಗಳಲ್ಲಿ ಇದನ್ನು ತೋರಿಸಿಕೊಟ್ಟಿದ್ದ. ಚರ್ಮವೈದ್ಯರು ಕಿವಿಗೊಡಲಿಲ್ಲ. ಅರ್ಧ ಶತಮಾನ ಕಳೆದ ಮೇಲೆ ಅದೇ ಊರಿನ ಸೇಂಟ್ ಲೂಯಿ ಆಸ್ಪತ್ರೆಯ ರೇಮಂಡ್ ಸಬುರೋ ಆ ಎಳೆಯನ್ನು ಮತ್ತೆ ಹಿಡಿದ.

ಸಬುರೋಗೆ ಎದುರಾದ ತೊಡಕು ವಿಚಿತ್ರವಾದುದು. ಒಂದೇ ಬೂಷ್ಟು ಒಂದು ಆಹಾರದ ಮೇಲೆ ಬಿಳಿಯ ಹತ್ತಿಯಂತೆ, ಇನ್ನೊಂದರ ಮೇಲೆ ಬೇರೊಂದು ಬಣ್ಣದ ಪುಡಿಯಂತೆ ಬೆಳೆಯುತ್ತಿತ್ತು. ಹೀಗಾದರೆ ಗುರುತಿಸುವುದೆಂತು? ಆತ ಅಡುಗೆಯ ಅಳತೆಯನ್ನೇ ಖಚಿತಗೊಳಿಸಿದ: ಪೆಪ್ಟೋನು, ಸಕ್ಕರೆ, ಕಡಲಕಳೆಯ ಅಗರ್, ನೀರು. ತುಸು ಹುಳಿಯಾದ ಆ ಪಾಕದಲ್ಲಿ ಬ್ಯಾಕ್ಟೀರಿಯಾ ಹಿಂದುಳಿಯುತ್ತದೆ, ಬೂಷ್ಟು ಮುಂದಾಗುತ್ತದೆ. 1910ರಲ್ಲಿ ಆತ ತನ್ನ ದೊಡ್ಡ ಗ್ರಂಥ ಹೊರತಂದ. ಆತನ ಹೆಸರಿನ ಪಾಕ, ಅಷ್ಟಿಷ್ಟು ತಿದ್ದುಪಡಿಯೊಡನೆ, ಇಂದಿಗೂ ಪ್ರಯೋಗಾಲಯಗಳಲ್ಲಿದೆ. ರೋಗಿಯ ಕೂದಲನ್ನೋ ಚರ್ಮದ ಹೊಟ್ಟನ್ನೋ ಅದರ ಮೇಲಿಟ್ಟು ಎರಡರಿಂದ ನಾಲ್ಕು ವಾರ ಕಾಯಬೇಕು. ಫಲ ಸಣ್ಣದಲ್ಲ: ಸೋಂಕು ಬೆಕ್ಕು ನಾಯಿಗಳಿಂದ ಬಂದದ್ದೋ ದನಕರುಗಳಿಂದಲೋ ಎಂಬುದಕ್ಕೆ ಬೆಳೆದ ಜಾತಿಯೇ ಸುಳಿವು ಕೊಡುತ್ತದೆ. ಮಗುವಿಗೆ ಮದ್ದು ಕೊಟ್ಟು ಬೆಕ್ಕನ್ನು ಮರೆತರೆ ರೋಗ ಮರಳಿ ಬಂದೀತು.

ರೋಗ ಗುರುತಿಸಿದವನೇ ಚಿಕಿತ್ಸೆಯನ್ನೂ ಹುಡುಕಿದ. 1904ರಲ್ಲಿ ಸಬುರೋ ಮತ್ತು ನ್ವಾರೆ ಎಂಬಾತ ಎಕ್ಸ್‌ರೇ ಅಳತೆಯನ್ನು ಗೊತ್ತುಮಾಡಿ, ಮಕ್ಕಳ ತಲೆಗೂದಲನ್ನು ಉದುರಿಸಿದರು. ಕೂದಲು ಮತ್ತೆ ಬೆಳೆಯಿತು, ಜನ ಹರಸಿದರು. ಅದರ ಬೆಲೆ ತಿಳಿದದ್ದು ತಡವಾಗಿ. 1950ರ ದಶಕದಲ್ಲಿ ಇಸ್ರೇಲಿನಲ್ಲಿ ಸಾವಿರಾರು ವಲಸಿಗ ಮಕ್ಕಳಿಗೆ ಈ ಚಿಕಿತ್ಸೆ ನಡೆಯಿತು. ದೊಡ್ಡವರಾದ ಮೇಲೆ ಅವರಲ್ಲಿ ಮಿದುಳಿನ ಹಾಗೂ ಥೈರಾಯ್ಡಿನ ಗೆಡ್ಡೆಗಳು ಹೆಚ್ಚಾಗಿ ಕಂಡವು. ಪರಿಹಾರದ ಕಾನೂನು ಬಂದದ್ದು 1994ರಲ್ಲಿ. ಸೊಪ್ಪು ಅರೆದ ಅಜ್ಜಿಯನ್ನು ನಾನು ಈಗ ಹೆಚ್ಚು ಗೌರವದಿಂದ ನೆನೆಯುತ್ತೇನೆ.

ಎಕ್ಸ್‌ರೇಯನ್ನು ಹಿಂದೆ ಸರಿಸಿದ್ದೂ ಬೂಷ್ಟೇ. 1939ರಲ್ಲಿ ಪೆನಿಸಿಲಿಯಂ ಕುಲದ ಒಂದು ಬೂಷ್ಟನ್ನು ಬೆಳೆಸಿ ಗ್ರೈಸಿಯೋಫಲ್ವಿನ್ ತೆಗೆದಿದ್ದರು. 1958ರಲ್ಲಿ ಜೆಂಟಲ್ಸ್ ಎಂಬ ವಿಜ್ಞಾನಿ ಅದನ್ನು ಗಿನಿಯಿಲಿಗಳಿಗೆ ತಿನ್ನಿಸಿ ಹುಳುಕಡ್ಡಿ ವಾಸಿಯಾದುದನ್ನು ಕಂಡ. ಮುಂದೆ ದೊಡ್ಡ ತೊಟ್ಟಿಗಳಲ್ಲಿ ಬೂಷ್ಟಿನ ಬೇಸಾಯವೇ ನಡೆಯಿತು, ಮಕ್ಕಳಿಗೆ ಗುಳಿಗೆ ಸಿಕ್ಕಿತು.

ಈಗ ನಮ್ಮ ದೇಶದಲ್ಲಿ ಹುಳುಕಡ್ಡಿ ಹಟಮಾರಿಯಾಗಿದೆ. 2020ರಲ್ಲಿ ಹೆಸರು ಪಡೆದ ಟ್ರೈಕೋಫೈಟಾನ್ ಇಂಡೋಟಿನಿಯೆ ಎಷ್ಟೋ ಬಾರಿ ಟರ್ಬಿನಾಫಿನ್ ಗುಳಿಗೆಗೆ ಬಗ್ಗುವುದಿಲ್ಲ. ನನ್ನ ಮೊಮ್ಮಗನೂ ಔಷಧದಂಗಡಿಯ ಸ್ಟೀರಾಯ್ಡ್ ಬೆರೆತ ಮುಲಾಮನ್ನು ತಿಂಗಳುಗಟ್ಟಲೆ ಸವರಿ ಮೈತುಂಬ ಹಬ್ಬಿಸಿಕೊಂಡಿದ್ದ. ಚರ್ಮವೈದ್ಯೆ ಮುಲಾಮನ್ನು ಬುಟ್ಟಿಗೆಸೆದು, ಹೊಟ್ಟು ಕೆರೆದು ಕಾಗದದಲ್ಲಿ ಮಡಿಚಿ ಪ್ರಯೋಗಾಲಯಕ್ಕೆ ಕಳುಹಿಸಿದರು. “ಮೂರು ವಾರ ಕಾಯಬೇಕಾಗುತ್ತೆ ಯಜಮಾನರೇ” ಎಂದರು. ಕಾದೆವು.