ಕಳ್ಳರ ಸುಳಿವು ಹಿಡಿಯುವ ಅಲಾರಂ: ಕೆಲಸ ಮಾಡುವುದು ಹೇಗೆ?

ಮನೆಗೆ ಬೀಗ ಜಡಿದು ಪರವೂರಿಗೆ ಹೊರಡುವ ನಗರವಾಸಿಗಳಲ್ಲಿ ಹಲವರು ಈಗ ಕಳ್ಳರ ಅಲಾರಂನ ಮೊರೆ ಹೋಗುತ್ತಾರೆ. ಆದರೆ ಈ ಉಪಕರಣ ಕಳ್ಳನನ್ನು ಗುರುತಿಸಲಾರದು, ತಡೆಯಲೂ ಆರದು. ಸುತ್ತಲಿನ ಸ್ಥಿತಿಯಲ್ಲಾಗುವ ಬದಲಾವಣೆಯನ್ನು ಗ್ರಹಿಸಿ ಕೂಗುವುದಷ್ಟೇ ಅದರ ಕೆಲಸ.

ಬಾಗಿಲು, ಕಿಟಕಿಗಳಿಗೆ ಅಳವಡಿಸುವ ಸಂವೇದಕ ತೀರಾ ಸರಳ. ಚೌಕಟ್ಟಿನಲ್ಲಿರುವ ಪುಟ್ಟ ಗಾಜಿನ ಕೊಳವೆಯೊಳಗೆ ಎರಡು ಲೋಹದ ಪಟ್ಟಿಗಳಿರುತ್ತವೆ. ಬಾಗಿಲಿನ ಅಯಸ್ಕಾಂತ ಸಮೀಪದಲ್ಲಿರುವವರೆಗೆ ಅವು ಕೂಡಿಕೊಂಡಿದ್ದು, ಬಾಗಿಲು ತೆರೆದೊಡನೆ ಬೇರ್ಪಡುತ್ತವೆ. ವಿದ್ಯುನ್ಮಂಡಲ ಕಡಿಯುವುದೇ ಎಚ್ಚರಿಕೆಯ ಸಂಕೇತ. ಹೀಗಾಗಿ ತಂತಿ ಕತ್ತರಿಸಿದರೂ ಸೈರನ್ ಮೊಳಗುತ್ತದೆ. 1853ರಲ್ಲಿ ಅಮೆರಿಕದ ಅಗಸ್ಟಸ್ ಪೋಪ್ ಪೇಟೆಂಟ್ ಪಡೆದ ಅಲಾರಂನಲ್ಲಿ ಕ್ರಮ ತಿರುವುಮುರುವಾಗಿತ್ತು. ಬಾಗಿಲು ತೆರೆದಾಗ ಮಂಡಲ ಕೂಡಿ ಗಂಟೆ ಬಾರಿಸುತ್ತಿತ್ತು.

ಕೋಣೆಯೊಳಗಿನ ಕಾವಲು ಪಿಐಆರ್ ಸಂವೇದಕದ ಪಾಲಿನದು. ಇದು ಯಾವ ಕಿರಣವನ್ನೂ ಹೊರಸೂಸದೆ, ದೇಹದಿಂದ ಹೊಮ್ಮುವ ಅವಕೆಂಪು ಕಿರಣಗಳನ್ನು ಮಾತ್ರ ಗ್ರಹಿಸುತ್ತದೆ. ಮುಂದಿರುವ ಪ್ಲಾಸ್ಟಿಕ್ ಮಸೂರ ಕೋಣೆಯನ್ನು ಹಲವು ವಲಯಗಳಾಗಿ ವಿಭಜಿಸುತ್ತದೆ. ಒಂದು ವಲಯದಿಂದ ಇನ್ನೊಂದಕ್ಕೆ ಬೆಚ್ಚನೆಯ ದೇಹ ಸರಿದಾಗ ಸಂಕೇತ ಹುಟ್ಟುತ್ತದೆ. ಆದ್ದರಿಂದ ನೇರ ಎದುರು ಬರುವವನಿಗಿಂತ ಅಡ್ಡ ಹಾಯುವವನು ಬೇಗ ಸಿಕ್ಕಿಬೀಳುತ್ತಾನೆ. ಅಳವಡಿಸುವಾಗ ಈ ಅಂಶವನ್ನು ಗಮನಿಸುವವರು ವಿರಳ.

ರಾಯಚೂರು, ಕಲಬುರಗಿಗಳ ಕಡುಬೇಸಿಗೆಯಲ್ಲಿ ಇನ್ನೊಂದು ತೊಡಕಿದೆ. ಗೋಡೆಯ ಬಿಸಿ ಮೈಬಿಸಿಗೆ ಸಮೀಪಿಸಿದಾಗ ವ್ಯತ್ಯಾಸ ಕುಗ್ಗಿ ಸಂವೇದಕ ಮಂದವಾಗುತ್ತದೆ. ತಾಪಮಾನ ಹೊಂದಾಣಿಕೆಯುಳ್ಳ ಮಾದರಿಗಳು ಅಲ್ಲಿ ಸೂಕ್ತ.

ಹುಸಿ ಕೂಗು ಈ ವ್ಯವಸ್ಥೆಯ ದೊಡ್ಡ ಶತ್ರು. ಮಸೂರದ ಮೇಲೆ ಹರಿದಾಡುವ ಜೇಡ, ಬಿಸಿಲಿಗೆ ಕಾದು ತೂಗಾಡುವ ಪರದೆ, ಸಾಕುಬೆಕ್ಕು, ಯಾವುದೂ ಸಾಕು. ಶಕುನ ನುಡಿಯುವ ಹಲ್ಲಿ ಇಲ್ಲಿ ಸೈರನ್ನನ್ನೇ ಮೊಳಗಿಸಬಲ್ಲದು! ಎರಡು ರಾತ್ರಿ ಹೀಗಾದರೆ ನೆರೆಹೊರೆಯವರು ಕಿವಿಗೊಡುವುದಿಲ್ಲ. ಮನೆಯವರೇ ಸ್ವಿಚ್ ಆರಿಸಿಬಿಡುತ್ತಾರೆ. ಅವಕೆಂಪಿನ ಜತೆಗೆ ಮೈಕ್ರೋವೇವ್ ಬಳಸಿ, ಎರಡೂ ಒಪ್ಪಿದರಷ್ಟೇ ಕೂಗುವ ಸಂವೇದಕಗಳು ದುಬಾರಿಯಾದರೂ ಈ ಕಾರಣಕ್ಕೆ ಉಪಯುಕ್ತ.

ಸಂಕೇತಗಳೆಲ್ಲ ನಿಯಂತ್ರಣ ಫಲಕಕ್ಕೆ ತಲುಪುತ್ತವೆ. ಮನೆಯವರು ಗುಪ್ತಸಂಖ್ಯೆ ಒತ್ತಲು ಕೆಲವು ಸೆಕೆಂಡುಗಳ ಅವಕಾಶವಿತ್ತು, ಬಳಿಕ ಸೈರನ್ ಮೊಳಗಿಸಿ ಸಿಮ್ ಕಾರ್ಡ್ ಅಥವಾ ಇಂಟರ್‌ನೆಟ್ ಮೂಲಕ ಮಾಲೀಕರ ಮೊಬೈಲಿಗೆ ಸುದ್ದಿ ಮುಟ್ಟಿಸುತ್ತದೆ. ಕರೆಂಟು ಹೋದಾಗ ನೆರವಿಗೆ ಬರುವುದು ಒಳಗಿನ ಬ್ಯಾಟರಿ. ಅದು ಸವೆದಿದ್ದರೆ, ಸಿಮ್ ರೀಚಾರ್ಜ್ ಅವಧಿ ಮುಗಿದಿದ್ದರೆ ಸುದ್ದಿ ಹೊರಬೀಳದು. 2ಜಿ ಮಾತ್ರ ಬಲ್ಲ ಹಳೆಯ ಫಲಕದಲ್ಲಿ ಜಿಯೋ ಸಿಮ್ ಕೆಲಸ ಮಾಡದು.

ಅಂಗಡಿಯಲ್ಲಿ ಕೊಂಡು ತಾವೇ ಅಳವಡಿಸಿಕೊಳ್ಳುವ ವ್ಯವಸ್ಥೆಗಳು ಸಾಮಾನ್ಯವಾಗಿ ಪೊಲೀಸರಿಗೆ ನೇರ ಸಂಪರ್ಕ ಹೊಂದಿರುವುದಿಲ್ಲ. ಮೊಬೈಲಿಗೆ ಸಂದೇಶ ಬಂದೊಡನೆ 112ಕ್ಕೆ ಕರೆ ಮಾಡಬೇಕಾದವರು ಮಾಲೀಕರೇ. ದೂರದ ಊರಿನಲ್ಲಿರುವವರು ಪಕ್ಕದ ಮನೆಯವರ ದೂರವಾಣಿ ಸಂಖ್ಯೆಯನ್ನೂ ಫಲಕದಲ್ಲಿ ದಾಖಲಿಸುವುದು ಒಳಿತು.