ಬಸ್ಸಿನ ಟಾಪಿನಲ್ಲಿ ಕೂತವರ ಚರಿತ್ರೆ

ವಾಹನಗಳಿಗೆಂದೇ ಮೀಸಲಾದ ಟಿವಿ ವಾಹಿನಿಗಳಿವೆ. 1996ರ ಜನವರಿಯಲ್ಲಿ ಅಮೆರಿಕದಲ್ಲಿ ‘ಸ್ಪೀಡ್‌ವಿಷನ್’ ಎಂಬುದೊಂದು ಶುರುವಾಯಿತು. ಕಾರು, ಮೋಟಾರ್‌ಸೈಕಲ್ಲು, ದೋಣಿ, ವಿಮಾನ, ಹೀಗೆ ಓಡುವ, ತೇಲುವ, ಹಾರುವ ಎಲ್ಲವೂ ಅದರ ಸರಕು. 2002ರಲ್ಲಿ ‘ಸ್ಪೀಡ್ ಚಾನೆಲ್’ ಎಂದು ಹೆಸರು ಬದಲಿಸಿಕೊಂಡು ಕಾರುಪಂದ್ಯಗಳ ಕಡೆಗೇ ವಾಲಿತು, 2013ರಲ್ಲಿ ನಿಂತೇಹೋಯಿತು. ನಮ್ಮ ದೇಶದ ಮನೆಗಳಿಗೆ ‘ಡಿಸ್ಕವರಿ ಟರ್ಬೊ’ ಬಂತು. ಶಿರಾದ ಗ್ಯಾರೇಜೊಂದರಲ್ಲಿ ಗ್ರೀಸು ಹತ್ತಿದ ಪುಟ್ಟ ಟಿವಿಯಲ್ಲಿ ನಾವು ಅದನ್ನು ನೋಡಿದ್ದೇವೆ. ಕನ್ನಡಿಯಂತೆ ಹೊಳೆಯುವ ನೆಲ, ಬಿಳಿ ಕೈಗವಸು, ಗೋಡೆಗೆ ಸಾಲಾಗಿ ತೂಗುಹಾಕಿದ ಪಾನಾಗಳು. ಅಲ್ಲಿನ ಉಸ್ತಾದ್ ಟೈರಿನ ರಬ್ಬರು ಉಜ್ಜುತ್ತಲೇ ಹೇಳಿದ್ದು: “ಎಲ್ಲಾ ತೋರಿಸ್ತಾರೆ ಸಾಹೇಬ್ರೆ, ಪಂಕ್ಚರ್ ಹಾಕೋದೊಂದು ಬಿಟ್ಟು.”

ಮಾತು ತಮಾಷೆಯದ್ದೇ. ಆದರೆ ನಮ್ಮ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡಗಳ ವಾಹನ ಚರಿತ್ರೆಯನ್ನು ಯಾರಾದರೂ ಬರೆಯ ಹೊರಟರೆ ಆ ಪಂಕ್ಚರ್ ಅಂಗಡಿಯಿಂದಲೇ ಶುರುಮಾಡಬೇಕಾಗುತ್ತದೆ. ಈ ನಾಲ್ಕು ತಾಲೂಕುಗಳಲ್ಲಿ ಕಾರು ತಯಾರಾಗಲಿಲ್ಲ, ರೈಲು ಓಡಲಿಲ್ಲ. ಓಡಾಡಿದವರು ಮತ್ತು ಓಡಿಸಿದವರು ಮಾತ್ರ ಇದ್ದರು.

ಹಾಗೆಂದು ಇದು ದಾರಿಯಿಲ್ಲದ ನಾಡಲ್ಲ. 1687ರಲ್ಲಿ ಮೊಗಲರು ಶಿರಾವನ್ನು ಸುಬಾದ ರಾಜಧಾನಿ ಮಾಡಿದರು. ಬಸವಾಪಟ್ಟಣ, ಬೂದಿಹಾಳು, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಪರಗಣಗಳ ಕಂದಾಯ ಬಂದು ಸೇರುತ್ತಿದ್ದುದು ಇಲ್ಲಿಗೆ. ದಿಲಾವರ್ ಖಾನನ ಕಾಲಕ್ಕೆ ಊರಲ್ಲಿ ಐವತ್ತು ಸಾವಿರ ಮನೆಗಳಿದ್ದವೆಂದು ಗೆಜೆಟಿಯರ್ ಹೇಳುತ್ತದೆ. ಲೆಕ್ಕ ಸ್ವಲ್ಪ ಉಬ್ಬಿಸಿದ್ದಿರಬಹುದು, ಇರಲಿ. ಅಷ್ಟು ಬಾಯಿಗಳಿಗೆ ಬೇಕಾದ ದವಸ, ಉಪ್ಪು, ಬಟ್ಟೆಯನ್ನು ಹೊತ್ತು ತಂದದ್ದು ಮಾತ್ರ ಹೇರೆತ್ತುಗಳು. ತುಮಕೂರು–ಶಿರಾ ದಾರಿಯ ಸೀಬಿ ನರಸಿಂಹಸ್ವಾಮಿ ಕ್ಷೇತ್ರದ ಕಥೆಯೂ ಹೇರೆತ್ತಿನದೇ. ದವಸ ಹೇರಿಕೊಂಡು ಬಂದ ವ್ಯಾಪಾರಿಯೊಬ್ಬ ಅಲ್ಲಿ ತಂಗಿ, ಬಂಡೆಯ ಮೇಲಿಟ್ಟು ಅನ್ನ ಬೇಯಿಸಿದಾಗ ಅದು ರಕ್ತದ ಬಣ್ಣಕ್ಕೆ ತಿರುಗಿತಂತೆ. ಕನಸಲ್ಲಿ ಬಂದ ದೇವರು, ಅದು ತನ್ನ ನೆಲೆಯೆಂದು ಹೇಳಿದನಂತೆ. ಈಗಿರುವ ಗುಡಿಯನ್ನು ಕಟ್ಟಿಸಿದವರು ಟಿಪ್ಪುವಿನ ಆಡಳಿತದಲ್ಲಿ ದಿವಾನರಾಗಿದ್ದ ಕಚೇರಿ ಕೃಷ್ಣಪ್ಪನವರ ಮಕ್ಕಳು. ಲಾರಿ ಚಾಲಕರು ಹೆದ್ದಾರಿ ಬದಿಯ ಗುಡಿ, ದರ್ಗಾಗಳ ಮುಂದೆ ವೇಗ ತಗ್ಗಿಸಿ ಎದೆ ಮುಟ್ಟಿಕೊಳ್ಳುವುದನ್ನು ಕಂಡಾಗಲೆಲ್ಲ ನಮಗೆ ಆ ವ್ಯಾಪಾರಿ ನೆನಪಾಗುತ್ತಾನೆ.

ಅಂದಿನ ಕಾಲದ ಎಂಜಿನ್ ಎಂದರೆ ಎತ್ತು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯನ್ನು ಹೈದರ್ ಬೆಳೆಸಿದ, ಟಿಪ್ಪು ಅದಕ್ಕೆ ‘ಅಮೃತಮಹಲ್’ ಎಂದು ಹೆಸರಿಟ್ಟ. ಹೆಸರಲ್ಲಿ ಬೆಣ್ಣೆ, ಅಮೃತ ಏನೇ ಇದ್ದರೂ ದೊರೆಗಳ ಕಣ್ಣಿದ್ದದ್ದು ಹಾಲಿನ ಮೇಲಲ್ಲ, ತೋಪು ಎಳೆಯುವ ಹೋರಿಗಳ ಮೇಲೆ. ತುಮಕೂರು, ಚಿತ್ರದುರ್ಗ ಸೀಮೆಯ ಕಾವಲುಗಳಲ್ಲಿ ಮೇಯ್ದ ಹಳ್ಳಿಕಾರ್ ರಕ್ತದ ಎತ್ತುಗಳು ಹೈದರನ ದಂಡನ್ನು ಎರಡೂವರೆ ದಿನದಲ್ಲಿ ನೂರು ಮೈಲಿ ಮುಟ್ಟಿಸಿದ ಸಂಗತಿಯನ್ನು ಆಂಗ್ಲ ಅಧಿಕಾರಿಗಳೇ ಬೆರಗಿನಿಂದ ದಾಖಲಿಸಿದ್ದಾರೆ. 1799ರ ಮೇಲೆ ಆ ಹಿಂಡುಗಳೂ ಅವರ ಪಾಲಾದವು. ಅಷ್ಟರೊಳಗೆ ಶಿರಾ ಸೊರಗಿತ್ತು. ಇಲ್ಲಿಂದ 12,000 ಕುಟುಂಬಗಳನ್ನು ಶ್ರೀರಂಗಪಟ್ಟಣದ ಬಳಿಯ ಗಂಜಾಂಗೆ ಸಾಗಿಸಲಾಯಿತೆಂದು ದಾಖಲೆಯಿದೆ. ಟಿಪ್ಪುವನ್ನು ಹೊಗಳುವವರೂ ತೆಗಳುವವರೂ ಈ ಗಂಟುಮೂಟೆಯ ಮೆರವಣಿಗೆಯನ್ನು ಅಷ್ಟಾಗಿ ನೆನೆಯುವುದಿಲ್ಲ.

ಆಮೇಲೆ ರೈಲು ಬಂತು, ಆದರೆ ನಮ್ಮನ್ನು ಬಳಸಿಕೊಂಡು ಹೋಯಿತು. 1880ರ ದಶಕದಲ್ಲಿ ಬೆಂಗಳೂರಿನಿಂದ ತುಮಕೂರಿಗೆ ಬಂದ ಹಳಿ ತಿಪಟೂರು, ಅರಸೀಕೆರೆಯ ಕಡೆ ತಿರುಗಿತು. ಮುಂದಿನ ದಶಕದ ಇನ್ನೊಂದು ಹಳಿ ಗೌರಿಬಿದನೂರು, ಹಿಂದೂಪುರದ ಮೇಲೆ ಉತ್ತರಕ್ಕೆ ಹೋಯಿತು. ಎರಡು ಹಳಿಗಳ ನಡುವೆ ನಮ್ಮ ನಾಲ್ಕು ತಾಲೂಕುಗಳು ಹಾಗೇ ಉಳಿದವು. ಮಧುಗಿರಿ, ಪಾವಗಡದವರು ಕಡಲೇಕಾಯಿ ಮೂಟೆಗಳೊಂದಿಗೆ ಹಿಂದೂಪುರ ಸ್ಟೇಷನ್ನಿಗೆ ಗಾಡಿ ಕಟ್ಟಿದರು. ತುಮಕೂರು–ರಾಯದುರ್ಗ ಮಾರ್ಗ ರೈಲ್ವೆ ಬಜೆಟ್ಟಿನಲ್ಲಿ ಕಾಣಿಸಿದ್ದು 2007-08ರಲ್ಲಿ, ಶಿರಾದ ಮೇಲೆ ಹಾಯುವ ತುಮಕೂರು–ದಾವಣಗೆರೆ ಮಾರ್ಗ 2011-12ರಲ್ಲಿ. ಅವುಗಳ ಮಣ್ಣಿನ ಏರಿಯನ್ನು ನೋಡುತ್ತಲೇ ಒಂದು ತಲೆಮಾರು ಕಾಲೇಜು ಮುಗಿಸಿತು.

ರೈಲಿಲ್ಲದ ಕಡೆ ಜಟಕಾ ಬಾಳಿತು. ನಮ್ಮ ನಾನಾ ಶಿರಾದಲ್ಲಿ ಜಟಕಾ ಹೊಡೆಯುತ್ತಿದ್ದರು. ಕುದುರೆ ಅವರದಲ್ಲ, ದಿನಬಾಡಿಗೆಯದು. ಜಟಕಾ ಎಂದರೆ ಒಬ್ಬ ಮನುಷ್ಯ, ಒಂದು ಕುದುರೆ ಎಂದುಕೊಂಡಿದ್ದ ನಮಗೆ ಅದರ ಹಿಂದೆ ಒಂದು ಪೂರಾ ಮೊಹಲ್ಲಾ ಇದೆಯೆಂದು ತಿಳಿದದ್ದು ಅವರ ಮಾತುಗಳಿಂದ. ಗೊರಸಿಗೆ ಲಾಳ ಹೊಡೆಯುವ ನಾಲ್‌ಬಂದರು, ಚರ್ಮದ ಪಟ್ಟಿ ಹೊಲಿಯುವ ಮೋಚಿಗಳು, ಗಾಲಿಗೆ ಕಬ್ಬಿಣದ ಹಳಿ ಏರಿಸುವ ಕಮ್ಮಾರರು, ಹುಲ್ಲು ಮಾರುವ ಹೆಂಗಸರು. ಮುಸ್ಲಿಮರು, ದಲಿತರು, ಆಚಾರಿಗಳು ಸೇರಿ ಒಂದು ಗಾಡಿ ಓಡುತ್ತಿತ್ತು. ಆಟೋರಿಕ್ಷಾ ಬಂದಾಗ ನಾನಾ ಕಲಿಯಲಿಲ್ಲ. ಅದಕ್ಕೆ ಲಗಾಮೇ ಇಲ್ಲವಲ್ಲ ಎಂದರಂತೆ. ಅವರ ಮಕ್ಕಳು ಕಲಿತರು. ನಾಲ್‌ಬಂದರ ಮಕ್ಕಳು ವೆಲ್ಡಿಂಗ್ ಕಲಿತರು. ‘ಮುಸ್ಲಿಮರು ಗ್ಯಾರೇಜಿಗೇ ಯಾಕೆ ಹೋಗುತ್ತಾರೆ’ ಎಂದು ಕೇಳುವವರಿಗೆ ಉತ್ತರ ಈ ಕುದುರೆ ಲಾಳದಲ್ಲಿದೆ. ಓದಿಸಲು ಕಾಸಿಲ್ಲದ ಮನೆಯ ಹುಡುಗನನ್ನು ಉಸ್ತಾದನ ಕೈಗೆ ಒಪ್ಪಿಸಿದರೆ ಹೊಟ್ಟೆಯೂ ತುಂಬೀತು, ಕಸುಬೂ ಬಂದೀತು ಎಂಬ ಲೆಕ್ಕ. ಹತ್ತು ವರ್ಷದ ಶಾಗಿರ್ದನ ಸ್ಲೇಟು ಅಲ್ಲಿಗೆ ಒಡೆಯುತ್ತಿತ್ತು ಎಂಬುದನ್ನೂ ಜತೆಗೇ ಹೇಳಬೇಕು. ಈ ಪರಂಪರೆಯನ್ನು ಬರೀ ಹೆಮ್ಮೆಯಿಂದ ಬರೆಯಲು ನಮ್ಮಿಂದಾಗದು.

ಆ ಹುಡುಗರ ಜಾಣ್ಮೆ ಗೊತ್ತಾಗಬೇಕಾದರೆ ಯೆಜ್ಡಿ ನೋಡಬೇಕು. 1961ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಆರಂಭವಾಯಿತು. 1973ರಿಂದ ಬೈಕಿಗೆ ಯೆಜ್ಡಿ ಎಂಬ ಹೆಸರು. ಕಿಕ್ ಹೊಡೆಯುವ ಕಡ್ಡಿಯನ್ನೇ ಮಡಚಿದರೆ ಅದು ಗೇರ್ ಕಡ್ಡಿ. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು. ಕಡಲೇಕಾಯಿ, ಹುಣಸೆಹಣ್ಣಿನ ವ್ಯಾಪಾರಿಗಳಿಗೆ ಅದು ಕುದುರೆಯ ಜಾಗ ತುಂಬಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು, ಬಿಡಿಭಾಗ ಸಿಗದಾಯಿತು. ಆದರೂ ನಮ್ಮೂರಿನ ಯೆಜ್ಡಿಗಳು ಬಹುಕಾಲ ಗುಡುಗುಡು ಎನ್ನುತ್ತಲೇ ಇದ್ದವು. ಇಲ್ಲದ ಭಾಗವನ್ನು ಲೇತ್ ಅಂಗಡಿಯಲ್ಲಿ ಕಡೆದು ಮಾಡಿಕೊಡುವವರಿದ್ದರು. ಹಳೇ ಗಾಡಿಗೆ ಜೀವ ಕೊಡುವುದನ್ನೇ ತೋರಿಸುವ ಕಾರ್ಯಕ್ರಮಗಳನ್ನು ಟಿವಿಯಲ್ಲಿ ನೋಡುವಾಗ ನಮಗೆ ನಗು ಬರುವುದು ಇದಕ್ಕೇ.

ಉಳಿದಿದ್ದು ಬಸ್ಸು. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಮೈಸೂರು ಸಂಸ್ಥಾನದ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡಿದವು. ಕ್ಲೀನರ್ ಮೊದಲು ಹಿಡಿಕೆ ತಿರುಗಿಸಿ ಬೆಂಕಿ ಹೊತ್ತಿಸಬೇಕಿತ್ತು, ಆಮೇಲೆ ಬಸ್ಸು. 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಸರ್ಕಾರಿ ಸಾರಿಗೆ ಇಲಾಖೆ ಶುರುವಾಯಿತು, 1961ರಲ್ಲಿ ಅದು ನಿಗಮವಾಯಿತು. ಆದರೆ ನಮ್ಮ ಹಳ್ಳಿದಾರಿಗಳಲ್ಲಿ ಖಾಸಗಿ ಬಸ್ಸೇ ಬಸ್ಸು. ಪಾವಗಡವಂತೂ ಆಂಧ್ರದ ನೆಲದೊಳಗೆ ಚಾಚಿಕೊಂಡ ತಾಲೂಕು. ಮಧುಗಿರಿಯಿಂದ ಅಲ್ಲಿಗೆ ಹೋಗುವ ಬಸ್ಸು ನಡುವೆ ಆಂಧ್ರವನ್ನು ತುಳಿದೇ ಹೋಗುತ್ತದೆ. ಕಂಡಕ್ಟರು ಎರಡು ಭಾಷೆಯಲ್ಲಿ ಬೈಯುತ್ತಾನೆ, ಮೂರನೆಯದರಲ್ಲಿ, ಅಂದರೆ ನಮ್ಮ ದಖನಿಯಲ್ಲಿ, ಚಾಲಕನೊಂದಿಗೆ ಹರಟುತ್ತಾನೆ. ಶಾಲೆಯ ದಿನಗಳಲ್ಲಿ ನಾವೂ ಆ ಬಸ್ಸುಗಳ ಟಾಪಿನ ಮೇಲೆ ಕೂತು ಹೋದವರೇ. ಹುಣಸೆಮರದ ಕೊಂಬೆ ಬಂದಾಗ ಎಲ್ಲರೂ ಒಟ್ಟಿಗೆ ತಲೆ ಬಗ್ಗಿಸುವುದು ಆಗ ಆಟವಾಗಿತ್ತು.

2022ರ ಮಾರ್ಚ್ 19ರ ಬೆಳಿಗ್ಗೆಯ ಮೇಲೆ ಅದನ್ನು ಆಟವೆನ್ನಲು ನಾಲಗೆ ಬರುತ್ತಿಲ್ಲ. ವೈ.ಎನ್. ಹೊಸಕೋಟೆಯಿಂದ ಪಾವಗಡಕ್ಕೆ ಹೊರಟ ಖಾಸಗಿ ಬಸ್ಸು ಪಳವಳ್ಳಿ ಬಳಿ ಉರುಳಿತು. ಒಳಗೆ ಜಾಗವಿಲ್ಲದೆ ಟಾಪಿನ ಮೇಲೂ ಜನರಿದ್ದರು. ಸತ್ತವರಲ್ಲಿ ಕಾಲೇಜಿಗೆ ಹೊರಟ ಮಕ್ಕಳಿದ್ದರು. ಅದೇ ವರ್ಷ ಆಗಸ್ಟ್ 25ರಂದು ಶಿರಾ ತಾಲೂಕಿನ ಬಾಲೇನಹಳ್ಳಿಯ ಹತ್ತಿರ ಹೆದ್ದಾರಿಯಲ್ಲಿ ಕ್ರೂಸರ್ ಲಾರಿಗೆ ಬಡಿದು ಒಂಬತ್ತು ಮಂದಿ ತೀರಿಕೊಂಡರು. ರಾಯಚೂರು ಕಡೆಯಿಂದ ಬೆಂಗಳೂರಿಗೆ ಕೂಲಿಗೆ ಹೊರಟಿದ್ದ ಬಡವರು. ಮೊದಲನೆಯದು ಬಸ್ಸು ಕಡಿಮೆಯಿರುವ ದಾರಿ, ಎರಡನೆಯದು ನಾಲ್ಕನೇ ನಂಬರಿನಿಂದ ನಲವತ್ತೆಂಟಕ್ಕೆ ಬಡ್ತಿ ಪಡೆದ ಚತುಷ್ಪಥ. ಎರಡರಲ್ಲೂ ಸತ್ತವರು ಒಂದೇ ಜಾತಿಯವರು: ವಾಹನದ ಸಾಮರ್ಥ್ಯಕ್ಕಿಂತ ಹೆಚ್ಚಾಗಿ ತುಂಬಿಸಲ್ಪಟ್ಟವರು.

ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಎದ್ದಿತು. ಅದಕ್ಕೆ ಯಂತ್ರ ಹೊತ್ತು ತಂದ ದೊಡ್ಡ ಟ್ರೇಲರುಗಳಿಗೆ ದಾರಿ ಸಿಕ್ಕಿತು. 2023ರ ಜೂನ್ 11ರಿಂದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ. ‘ಶಕ್ತಿ’ ಯೋಜನೆ ಒಳ್ಳೆಯದೇ, ನಮ್ಮ ಅಕ್ಕಂದಿರೂ ಶಿರಾದಿಂದ ತುಮಕೂರಿನ ಆಸ್ಪತ್ರೆಗೆ ಹಾಗೆಯೇ ಹೋಗಿಬರುತ್ತಾರೆ. ಸರ್ಕಾರಿ ಬಸ್ಸು ಅಪರೂಪವಾಗಿರುವ ಹಳ್ಳಿಯ ಹುಡುಗಿ ಮಾತ್ರ ಆಧಾರ್ ಕಾರ್ಡನ್ನು ಬ್ಯಾಗಿನಲ್ಲೇ ಇಟ್ಟುಕೊಂಡು ಖಾಸಗಿ ಬಸ್ಸಿಗೆ ಕಾಸು ಎಣಿಸುತ್ತಾಳೆ. ಮೊನ್ನೆ ಪಾವಗಡದ ಕಡೆ ಹೋದಾಗ ರಸ್ತೆ ಬದಿಯಲ್ಲಿ ಅಂಥ ಏಳೆಂಟು ಮಂದಿ ನಿಂತಿದ್ದರು. ಬಂದ ಬಸ್ಸಿನ ಮೆಟ್ಟಿಲವರೆಗೂ ಜನ. ಅವರು ಹತ್ತಲಿಲ್ಲ. ಇನ್ನೊಂದು ಬಸ್ಸು ಎಷ್ಟೊತ್ತಿಗಮ್ಮಾ ಎಂದು ಕೇಳಿದೆವು. “ಒಂಬತ್ತೂವರೆಗೆ ಐತೆ ಅಂಕಲ್,” ಎಂದಳು ಒಬ್ಬಳು, “ಕ್ಲಾಸು ಒಂಬತ್ತಕ್ಕೆ.”