ಹೊಳೆಯಾಚೆಯ ವೈದ್ಯ: ತಲೆಪೆಟ್ಟಿನ ಚಿಕಿತ್ಸೆ ನಡೆದುಬಂದ ದಾರಿ



ಆನೆಗೊಂದಿಯ ಹೆಸರು ಕೇಳಿದೊಡನೆ ನಿಮಗೆ ವಿಜಯನಗರದ ಅರಸರು, ಗಗನ ಮಹಲು, ತುಂಗಭದ್ರೆಯ ನಡುಗಡ್ಡೆಯ ನವಬೃಂದಾವನ ನೆನಪಾಗಬಹುದು. ಅರಸರು ಆಳಿದ ಕಾಲವನ್ನು ನಿಮ್ಮ ಪಠ್ಯಪುಸ್ತಕಗಳು ಹೇಳುತ್ತವೆ. ಆದರೆ ಆ ಕಾಲದಲ್ಲಿ ಒಬ್ಬ ಸೈನಿಕನ ತಲೆಗೆ ಏಟು ಬಿದ್ದರೆ, ಕಲ್ಲು ಹೊರುವ ಒಬ್ಬ ಕೂಲಿಯಾಳು ಗೋಡೆಯ ಮೇಲಿಂದ ಬಿದ್ದರೆ ಮುಂದೇನಾಗುತ್ತಿತ್ತು? ಅವನನ್ನು ಯಾರು ಎತ್ತುತ್ತಿದ್ದರು, ಎಲ್ಲಿಗೆ ಒಯ್ಯುತ್ತಿದ್ದರು? ಈ ಪ್ರಶ್ನೆಗಳಿಗೂ ಒಂದು ಚರಿತ್ರೆಯಿದೆ. ತಲೆಪೆಟ್ಟಿನ ಚಿಕಿತ್ಸೆಯಲ್ಲಿ ಶಸ್ತ್ರವೈದ್ಯನ ಕೈಚಳಕದಷ್ಟೇ ಮುಖ್ಯವಾದುದು ಅವನ ಬಳಿಗೆ ರೋಗಿ ತಲುಪುವ ಹೊತ್ತು ಮತ್ತು ಆಮೇಲಿನ ಆರೈಕೆ ಎಂಬುದನ್ನು ಆ ಚರಿತ್ರೆ ನಮಗೆ ಕಲಿಸುತ್ತದೆ.

ಪ್ರವಾಸಿಗಳು ಕಂಡದ್ದು

ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರ ವೇಳೆಗೆ, ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಲ್ಲಿಗೆ ಬಂದಿದ್ದನು. ಆನೆಗೊಂದಿಗೆ ಹೊಳೆ ದಾಟುವ ಹರಿಗೋಲುಗಳನ್ನು ಅವನು ವರ್ಣಿಸಿದ್ದಾನೆ. ಅವು ಬುಟ್ಟಿಯಂತೆ ದುಂಡಗಿದ್ದವು. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ. ಹದಿನೈದು ಇಪ್ಪತ್ತು ಜನರನ್ನು ಹೊತ್ತು ಸುತ್ತುತ್ತ ಸುತ್ತುತ್ತ ದಡ ಸೇರುತ್ತಿದ್ದವು.

ಮಹಾನವಮಿಯ ಉತ್ಸವದಲ್ಲಿ ನಡೆದ ಮಲ್ಲಯುದ್ಧವನ್ನೂ ಅವನು ಕಂಡನು. ಕೈಯಲ್ಲಿ ಮೊನೆಯುಳ್ಳ ಬಳೆಯಂಥ ಆಯುಧ ಹಿಡಿದು ಮಲ್ಲರು ಹೊಡೆದಾಡುತ್ತಿದ್ದರು. ಹಲ್ಲು ಮುರಿಯುತ್ತಿತ್ತು, ಕಣ್ಣು ಹೋಗುತ್ತಿತ್ತು, ಮುಖ ವಿಕಾರವಾಗುತ್ತಿತ್ತು. ಮಾತು ನಿಂತುಹೋದ ಮಲ್ಲರನ್ನು ಅವರ ಗೆಳೆಯರು ಹೊತ್ತೊಯ್ಯುತ್ತಿದ್ದರೆಂದು ಅವನು ಬರೆದಿದ್ದಾನೆ. ಇಂದಿನ ವೈದ್ಯರಿಗೆ ಆ ಒಂದು ವಾಕ್ಯ ಸಾಕು: ಅದು ಮೆದುಳಿಗೆ ಬಿದ್ದ ಪೆಟ್ಟಿನ ಲಕ್ಷಣ. ಮೈಸೂರು ದಸರೆಯಲ್ಲಿ ಉಳಿದುಬಂದಿರುವ ಜಟ್ಟಿ ಕಾಳಗ ಇದೇ ಬಗೆಯದು. ಅಲ್ಲಿ ಮೊದಲ ಹನಿ ರಕ್ತ ಕಂಡೊಡನೆ ಕಾಳಗ ನಿಲ್ಲಿಸುವ ಕಟ್ಟಳೆಯಿದೆ.

ಇನ್ನೊಬ್ಬ ಪೋರ್ಚುಗೀಸನಾದ ಫರ್ನಾವೊ ನೂನಿಜ್ 1520ರ ರಾಯಚೂರು ಮುತ್ತಿಗೆಯನ್ನು ಬಣ್ಣಿಸಿದ್ದಾನೆ. ಕೋಟೆಯ ಅಧಿಕಾರಿ ಗೋಡೆಯ ಮೇಲಿಂದ ಹೊರಗೆ ಬಾಗಿ ನೋಡುವಾಗ ಕೋವಿಯ ಗುಂಡು ಹಣೆಗೆ ತಾಗಿ ಸತ್ತನಂತೆ. ಯುದ್ಧದ ಆಯುಧ ಬದಲಾದಂತೆ ತಲೆಗಾಯದ ಸ್ವರೂಪವೂ ಬದಲಾಗತೊಡಗಿತ್ತು.

ಕೂದಲಿನ ಬತ್ತಿ

ಹಾಗಾದರೆ ನಮ್ಮ ಹಿಂದಿನವರಿಗೆ ತಲೆಗಾಯದ ಚಿಕಿತ್ಸೆ ತಿಳಿದೇ ಇರಲಿಲ್ಲವೆ? ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಇದಕ್ಕೆ ಒಂದು ಉತ್ತರವಿದೆ. ತಲೆಗೆ ನೆಟ್ಟ ಶಲ್ಯವನ್ನು, ಅಂದರೆ ಬಾಣದ ಮೊನೆಯಂಥ ವಸ್ತುವನ್ನು, ಹೊರತೆಗೆದ ಮೇಲೆ ಗಾಯದೊಳಗೆ ಕೂದಲಿನ ಬತ್ತಿಯನ್ನು ಇಡಬೇಕು. ಇಡದಿದ್ದರೆ ಮಸ್ತುಲುಂಗ, ಎಂದರೆ ಮೆದುಳಿನ ಅಂಶ, ಸೋರಿ ರೋಗಿ ಸಾಯುತ್ತಾನೆ. ಗಾಯ ಮಾಯುತ್ತ ಬಂದಂತೆ ಬತ್ತಿಯ ಕೂದಲನ್ನು ಒಂದೊಂದಾಗಿ, ನಿಧಾನವಾಗಿ ತೆಗೆಯಬೇಕು ಎಂದು ಸಂಹಿತೆ ವಿಧಿಸುತ್ತದೆ.

ಈ ವಿಧಾನವನ್ನು ಇಂದು ಯಾರೂ ಅನುಸರಿಸಬಾರದು. ಆದರೆ ಅದರ ಹಿಂದಿರುವ ತಿಳಿವಳಿಕೆಯನ್ನು ಗಮನಿಸಿ. ಶಲ್ಯ ತೆಗೆದರೆ ಕೆಲಸ ಮುಗಿಯಲಿಲ್ಲ. ಅಲ್ಲಿಂದ ಮುಂದೆ ದಿನದಿನದ ನಿಗಾ ಬೇಕು. ಆ ಮಾತು ಇಂದಿಗೂ ಸುಳ್ಳಾಗಿಲ್ಲ.

ಮೊದಲ ಪೆಟ್ಟು, ಎರಡನೆಯ ಪೆಟ್ಟು

ತಲೆಬುರುಡೆ ಮುಚ್ಚಿದ ಪೆಟ್ಟಿಗೆಯಿದ್ದಂತೆ. ಅದರೊಳಗೆ ಮೆದುಳು, ರಕ್ತ, ಮೆದುಳಿನ ಸುತ್ತಲಿನ ದ್ರವ ಇವಿಷ್ಟಕ್ಕೆ ಮಾತ್ರ ಜಾಗ. ಏಟಿನಿಂದ ರಕ್ತನಾಳ ಹರಿದು ಒಳಗೆ ರಕ್ತ ಹೆಪ್ಪುಗಟ್ಟಿದರೆ ಹೊರಬರಲು ದಾರಿಯಿಲ್ಲ. ಒತ್ತಡ ಏರಿ ಮೆದುಳನ್ನು ಅದುಮುತ್ತದೆ. ಕೆಲವೊಮ್ಮೆ ಪೆಟ್ಟು ತಿಂದವನು ಎದ್ದು ಕುಳಿತು ಮಾತನಾಡುತ್ತಾನೆ. ಮನೆಯವರು ಏನೂ ಆಗಲಿಲ್ಲವೆಂದು ಸಮಾಧಾನಪಡುತ್ತಾರೆ. ಕೆಲವು ಗಂಟೆಗಳ ನಂತರ ಅವನಿಗೆ ವಾಂತಿ, ಮಂಪರು. ಕೊನೆಗೆ ಎಬ್ಬಿಸಿದರೂ ಏಳದ ಸ್ಥಿತಿ. ತಲೆಬುರುಡೆ ಮತ್ತು ಮೆದುಳಿನ ಹೊರಪೊರೆಯ ನಡುವೆ ರಕ್ತ ತುಂಬಿದಾಗ ಹೀಗಾಗುವುದುಂಟು.

ಏಟು ಬಿದ್ದ ಕ್ಷಣದಲ್ಲಿ ಮೆದುಳಿಗೆ ಆದ ಹಾನಿ ಮೊದಲ ಪೆಟ್ಟು. ಅದನ್ನು ಯಾವ ವೈದ್ಯರೂ ಅಳಿಸಲಾರರು. ಉಸಿರು ಕಟ್ಟುವುದು, ರಕ್ತದೊತ್ತಡ ಕುಸಿಯುವುದು, ಒಳಗಿನ ಒತ್ತಡ ಏರುವುದು ಎರಡನೆಯ ಪೆಟ್ಟು. ಇದನ್ನು ತಡೆಯಬಹುದು. ಬಡ ಊರಾಗಲಿ, ಶ್ರೀಮಂತ ನಗರವಾಗಲಿ, ತಲೆಪೆಟ್ಟಿನ ಚಿಕಿತ್ಸೆಯೆಂದರೆ ಬಹುಮಟ್ಟಿಗೆ ಈ ಎರಡನೆಯ ಪೆಟ್ಟಿನೊಡನೆ ನಡೆಯುವ ಹೋರಾಟ.

ಆಸ್ಪತ್ರೆ ಎಷ್ಟು ದೂರ?

ಈಗ ಮತ್ತೆ ಆನೆಗೊಂದಿಗೆ ಬನ್ನಿ. 1800ರಲ್ಲಿ ಬಳ್ಳಾರಿ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದ ಮೇಲೆ ತುಂಗಭದ್ರೆ ಒಂದು ಗಡಿಯಾಯಿತು. ದಕ್ಷಿಣ ದಂಡೆಯ ಹೊಸಪೇಟೆ ಮದ್ರಾಸ್ ಪ್ರಾಂತ. ಉತ್ತರ ದಂಡೆಯ ಗಂಗಾವತಿ, ಕೊಪ್ಪಳ ಹೈದರಾಬಾದ್ ಸಂಸ್ಥಾನ. ಕಣ್ಣಿಗೆ ಕಾಣುವ ಆಚೆ ದಡ ಬೇರೊಂದು ಆಡಳಿತದ್ದು. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿತು. 1956ರ ನವೆಂಬರ್ 1ರಂದು ಎರಡು ದಂಡೆಗಳೂ ಒಂದೇ ರಾಜ್ಯಕ್ಕೆ ಬಂದವು.

ನಮ್ಮ ದೇಶದಲ್ಲಿ ನರಶಸ್ತ್ರಚಿಕಿತ್ಸೆ ಪ್ರತ್ಯೇಕ ವಿಭಾಗವಾಗಿ ಬೆಳೆದದ್ದೂ ಇದೇ ಕಾಲದಲ್ಲಿ. 1949ರಲ್ಲಿ ವೆಲ್ಲೂರಿನಲ್ಲಿ ಡಾ. ಜೇಕಬ್ ಚಾಂಡಿ, 1950ರಲ್ಲಿ ಮದ್ರಾಸಿನಲ್ಲಿ ಡಾ. ಬಿ. ರಾಮಮೂರ್ತಿ ಅದನ್ನು ಆರಂಭಿಸಿದರು. ಬೆಂಗಳೂರಿನಲ್ಲಿ ಇದನ್ನು ಬೆಳೆಸಿದವರು ಡಾ. ಆರ್. ಮಾರ್ತಾಂಡ ವರ್ಮ. 1974ರಲ್ಲಿ ಅಲ್ಲಿನ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಒಂದುಗೂಡಿ ನಿಮ್ಹಾನ್ಸ್ ಆಯಿತು. ಆದರೆ ಆನೆಗೊಂದಿಯಿಂದ ಬೆಂಗಳೂರು ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಹತ್ತಿರದ ವೈದ್ಯಕೀಯ ಕಾಲೇಜುಗಳು ಹುಬ್ಬಳ್ಳಿಯಲ್ಲಿ 1957ರಲ್ಲಿ, ಬಳ್ಳಾರಿಯಲ್ಲಿ 1961ರಲ್ಲಿ ಬಂದವು. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾದ ಕೊಪ್ಪಳಕ್ಕೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದು 2015ರಲ್ಲಿ.

ಹೊಳೆಯ ಮೇಲಿನ ಸೇತುವೆಗೂ ಒಂದು ಕಥೆಯಿದೆ. ಆನೆಗೊಂದಿಯ ಬಳಿ ಕಟ್ಟಲಾರಂಭಿಸಿದ ಸೇತುವೆ ಹಂಪಿಯ ಸ್ಮಾರಕಗಳಿಗೆ ಧಕ್ಕೆ ತರುವುದೆಂಬ ಆಕ್ಷೇಪ ಎದ್ದಿತು. 1999ರಿಂದ 2006ರವರೆಗೆ ಹಂಪಿ ಯುನೆಸ್ಕೋದ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿತ್ತು. ಕೆಲಸ ನಿಂತು ಮತ್ತೆ ಮೊದಲಾಗಿ, 2009ರ ಜನವರಿಯಲ್ಲಿ ಆ ಸೇತುವೆ ಕುಸಿದು ಕೂಲಿಕಾರರು ಪ್ರಾಣ ಕಳೆದುಕೊಂಡರು. ಆ ಬಳಿಕ ಕಡೆಬಾಗಿಲು ಮತ್ತು ಬುಕ್ಕಸಾಗರದ ನಡುವೆ ಸೇತುವೆಯಾಯಿತು. ಸ್ಮಾರಕವನ್ನು ಉಳಿಸಬೇಕು, ರೋಗಿಯೂ ಹೊಳೆ ದಾಟಬೇಕು. ಎರಡೂ ನ್ಯಾಯವಾದ ಬೇಡಿಕೆಗಳೇ.

ಗಂಟೆಗಳ ಲೆಕ್ಕ

1971ರ ಅಕ್ಟೋಬರ್ 1ರಂದು ಇಂಗ್ಲೆಂಡಿನಲ್ಲಿ ಮೊದಲ ಬಾರಿಗೆ ಒಬ್ಬ ರೋಗಿಯ ತಲೆಯ ಸಿ.ಟಿ. ಸ್ಕ್ಯಾನ್ ನಡೆಯಿತು. ಅದಕ್ಕೆ ಮೊದಲು ವೈದ್ಯರು ಕಣ್ಣಪಾಪೆಯ ಗಾತ್ರ, ಕೈಕಾಲಿನ ಚಲನೆ ನೋಡಿ ರಕ್ತ ಯಾವ ಕಡೆ ಕಟ್ಟಿದೆಯೆಂದು ಊಹಿಸಿ, ಕೈಯಿಂದ ತಿರುಗಿಸುವ ಬೈರಿಗೆಯಲ್ಲಿ ಬುರುಡೆಗೆ ರಂಧ್ರ ಕೊರೆದು ನೋಡುತ್ತಿದ್ದರು. ಸ್ಕ್ಯಾನ್ ಯಂತ್ರವಿಲ್ಲದ ಕಡೆಗಳಲ್ಲಿ ಈ ವಿಧಾನ ಬಹುಕಾಲ ಉಳಿಯಿತು.

ಯಂತ್ರ ಬಂದರೂ ಗಡಿಯಾರ ನಿಲ್ಲುವುದಿಲ್ಲ. ಮೆದುಳಿನ ಹೊರಪೊರೆಯ ಕೆಳಗೆ ರಕ್ತ ಕಟ್ಟಿ ಪ್ರಜ್ಞೆ ತಪ್ಪಿದ್ದ 82 ರೋಗಿಗಳನ್ನು ಕುರಿತ ಅಮೆರಿಕದ ಅಧ್ಯಯನವೊಂದು 1981ರಲ್ಲಿ ಪ್ರಕಟವಾಯಿತು. ನಾಲ್ಕು ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದವರಲ್ಲಿ ನೂರಕ್ಕೆ 30 ಮಂದಿ ಸತ್ತರೆ, ತಡವಾದವರಲ್ಲಿ 90 ಮಂದಿ ಸತ್ತರು. 1989ರಲ್ಲಿ ನವದೆಹಲಿಯನ್ನೂ ಅಮೆರಿಕದ ಶಾರ್ಲಟ್ಸ್‌ವಿಲ್ ನಗರವನ್ನೂ ಹೋಲಿಸಿದ ಇನ್ನೊಂದು ಅಧ್ಯಯನ ಬಂತು. ನೋವು ಮಾಡಿದರೆ ಆ ಜಾಗಕ್ಕೆ ಕೈ ತರುವಷ್ಟು ಪ್ರಜ್ಞೆಯಿದ್ದ ರೋಗಿಗಳಲ್ಲಿ ನವದೆಹಲಿಯ ಸಾವು ಶೇ. 12.5, ಶಾರ್ಲಟ್ಸ್‌ವಿಲ್‌ನದು ಶೇ. 4.8. ಇವರು ಉಳಿಯಬಹುದಾಗಿದ್ದವರು. ಆಸ್ಪತ್ರೆಗೆ ಬರುವ ಮುನ್ನ ಸಿಗದ ಆರೈಕೆ ಮತ್ತು ದಾರಿಯಲ್ಲಿ ಕಳೆದ ಹೊತ್ತು ಈ ಅಂತರಕ್ಕೆ ಕಾರಣವಾಗಿರಬಹುದೆಂದು ಸಂಶೋಧಕರು ಭಾವಿಸಿದರು.

ದುಡ್ಡಿಲ್ಲದೆಯೂ ದೊರೆಯುವ ಜ್ಞಾನವಿದೆ. 1974ರಲ್ಲಿ ಗ್ಲಾಸ್ಗೋ ನಗರದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ವೈದ್ಯರು ಪ್ರಜ್ಞೆಯನ್ನು ಅಳೆಯುವ ಕ್ರಮವೊಂದನ್ನು ರೂಪಿಸಿದರು. ಕಣ್ಣು ತೆರೆಯುವುದು, ಮಾತು, ಚಲನೆ ಈ ಮೂರನ್ನು ನೋಡಿ 3ರಿಂದ 15ರವರೆಗೆ ಅಂಕ ಕೊಡುವುದಷ್ಟೆ. ಇದಕ್ಕೆ ಯಾವ ಉಪಕರಣವೂ ಬೇಡ. ಗಂಟೆಗೊಮ್ಮೆ ಬರೆದಿಟ್ಟರೆ ರೋಗಿ ಕುಸಿಯುತ್ತಿರುವುದು ತಾಲ್ಲೂಕು ಆಸ್ಪತ್ರೆಯಲ್ಲಿಯೇ ಗೊತ್ತಾಗುತ್ತದೆ. ಹಲವು ದಶಕ ತಲೆಪೆಟ್ಟಿಗೆ ಸ್ಟೆರಾಯ್ಡ್ ಕೊಡುವ ರೂಢಿಯಿತ್ತು. 10,008 ರೋಗಿಗಳ ಮೇಲೆ ನಡೆದ ಪ್ರಯೋಗ 2004ರಲ್ಲಿ ಅದು ಸಾವನ್ನು ಹೆಚ್ಚಿಸುತ್ತದೆಂದು ತೋರಿಸಿತು. ರಕ್ತಸ್ರಾವ ತಗ್ಗಿಸುವ ಅಗ್ಗದ ಔಷಧ ಟ್ರಾನೆಕ್ಸಾಮಿಕ್ ಆಸಿಡ್ ಅನ್ನು ಮೂರು ಗಂಟೆಯೊಳಗೆ ಕೊಟ್ಟರೆ, ಗಾಯ ಅತಿ ತೀವ್ರವಾಗಿಲ್ಲದವರಲ್ಲಿ ಸಾವು ತಗ್ಗುತ್ತದೆಂದು 2019ರ ಪ್ರಯೋಗ ತಿಳಿಸಿತು.

ಚಿಕಿತ್ಸೆಯ ನಂತರದ ದಿನಗಳು

ಮೆದುಳು ಬಹಳ ಬಾತಿದ್ದರೆ ವೈದ್ಯರು ಬುರುಡೆಯ ಒಂದು ಭಾಗವನ್ನು ತೆಗೆದು ಒತ್ತಡ ಇಳಿಸುತ್ತಾರೆ. ತೆಗೆದ ಎಲುಬನ್ನು ಎಲ್ಲಿಡುವುದು? ಅತಿಶೀತದ ಸಂಗ್ರಹಾಗಾರವಿಲ್ಲದ ಆಸ್ಪತ್ರೆಗಳಿಗೆ ನಮ್ಮ ದೇಶದಲ್ಲಿ ರೂಢಿಯಲ್ಲಿರುವ ಉಪಾಯವೊಂದಿದೆ. ಅದನ್ನು ರೋಗಿಯ ಹೊಟ್ಟೆಯ ಚರ್ಮದ ಕೆಳಗೆ ಹೊಲಿದಿಡುತ್ತಾರೆ. ವಾರಗಳೋ ತಿಂಗಳುಗಳೋ ಕಳೆದು ಬಾವು ಇಳಿದ ಮೇಲೆ ಮತ್ತೆ ತಲೆಗೆ ಜೋಡಿಸುತ್ತಾರೆ. ಆ ನಡುವಿನ ಕಾಲದಲ್ಲಿ ಎಲುಬಿಲ್ಲದ ಕಡೆ ಪೆಟ್ಟಾಗದಂತೆ ಮನೆಯವರು ಕಾಯಬೇಕು.

ಮೂಗಿನ ಕೊಳವೆಯಲ್ಲಿ ಗಂಜಿ ಹಾಕುವುದು, ಮಗ್ಗುಲು ಬದಲಿಸಿ ಬೆನ್ನಿನಲ್ಲಿ ಹುಣ್ಣಾಗದಂತೆ ನೋಡುವುದು, ಬಿಗಿದ ಕೈಕಾಲುಗಳನ್ನು ಆಡಿಸುವುದು, ಈ ಕೆಲಸಗಳನ್ನು ನಮ್ಮಲ್ಲಿ ಬಹುಪಾಲು ಮಾಡುವವರು ತಾಯಿ, ಹೆಂಡತಿ, ಅಕ್ಕತಂಗಿಯರು. ಅವರಿಗೆ ಇದನ್ನು ಸರಿಯಾಗಿ ಕಲಿಸಿ ಕಳುಹಿಸುವುದೂ ಚಿಕಿತ್ಸೆಯೇ. ರೋಗಿ ಎದ್ದು ನಡೆದಾಡಿದ ಮೇಲೂ ಮರೆವು, ಸಿಟ್ಟು, ತಲೆನೋವು, ದಣಿವು ಉಳಿಯಬಹುದು. ನಿಮ್ಮ ಸಹಪಾಠಿ ಅಪಘಾತದ ನಂತರ ಶಾಲೆಗೆ ಮರಳಿ ಪಾಠದಲ್ಲಿ ಹಿಂದೆ ಬಿದ್ದರೆ ಅದನ್ನು ಸೋಮಾರಿತನವೆಂದು ತಿಳಿಯಬೇಡಿ. ಮೆದುಳು ನಿಧಾನವಾಗಿ ಮಾಯುತ್ತದೆ.

ನೀವು ಮಾಡಬಹುದಾದದ್ದು

2008ರ ನವೆಂಬರ್ 1ರಂದು ನಮ್ಮ ರಾಜ್ಯದಲ್ಲಿ 108 ಆಂಬುಲೆನ್ಸ್ ಸೇವೆ ಆರಂಭವಾಯಿತು. 2016ರಲ್ಲಿ ಅಪಘಾತಕ್ಕೀಡಾದವರಿಗೆ ಮೊದಲ 48 ಗಂಟೆ 25,000 ರೂಪಾಯಿವರೆಗೆ ಉಚಿತ ಚಿಕಿತ್ಸೆ ನೀಡುವ ಹರೀಶ್ ಸಾಂತ್ವನ ಯೋಜನೆ ಬಂತು. ಗಾಯಾಳುವಿಗೆ ನೆರವಾದವರನ್ನು ಪೊಲೀಸು, ಕೋರ್ಟಿನ ಕಿರುಕುಳದಿಂದ ಕಾಪಾಡುವ ಕಾಯಿದೆಯನ್ನು ರಾಜ್ಯ ವಿಧಾನಮಂಡಲ ಅದೇ ವರ್ಷ ಅಂಗೀಕರಿಸಿತು. 2018ರಲ್ಲಿ ರಾಷ್ಟ್ರಪತಿಗಳ ಒಪ್ಪಿಗೆ ದೊರೆಯಿತು. ಆದ್ದರಿಂದ ಹೆದರಿ ದೂರ ನಿಲ್ಲಬೇಕಾಗಿಲ್ಲ.

ಪ್ರಜ್ಞೆ ತಪ್ಪಿದವನಿಗೆ ನೀರು, ಸೋಡಾ ಕುಡಿಸಬೇಡಿ. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಕುತ್ತಿಗೆ ತಿರುಚದಂತೆ ಹಿಡಿದು, ಮೈ ತಲೆ ಒಟ್ಟಾಗಿ ಮಗ್ಗುಲಿಗೆ ಹೊರಳಿಸಿ, ಉಸಿರಾಟದ ದಾರಿ ತೆರೆದಿಡಿ. ಪೆಟ್ಟು ಬಿದ್ದ ಹೊತ್ತನ್ನು ಬರೆದುಕೊಂಡು ವೈದ್ಯರಿಗೆ ಹೇಳಿ. ಬೈಕಿನಲ್ಲಿ ಕೂರುವಾಗ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳಿ. ಯಾವ ವೈದ್ಯರೂ ಅಳಿಸಲಾಗದ ಮೊದಲ ಪೆಟ್ಟನ್ನು ತಗ್ಗಿಸುವುದು ಅದೇ.

ಕೊನೆಯದಾಗಿ, ಚರಿತ್ರೆಯ ವಿದ್ಯಾರ್ಥಿಗಳಾದ ನಿಮಗೆ ಒಂದು ಕೆಲಸ. ನಿಮ್ಮ ಊರಿಗೆ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆ ಎಷ್ಟು ದೂರ, ರಾತ್ರಿ ಹೊತ್ತು ಅಲ್ಲಿಗೆ ತಲುಪಲು ಎಷ್ಟು ಗಂಟೆ ಬೇಕು ಎಂದು ವಿಚಾರಿಸಿ. ಅಪ್ಪನ ಕಾಲದಲ್ಲಿ, ಅಜ್ಜನ ಕಾಲದಲ್ಲಿ ಎಷ್ಟಿತ್ತೆಂದು ಹಿರಿಯರನ್ನು ಕೇಳಿ ಬರೆದಿಡಿ. ಅದು ನಿಮ್ಮ ಊರಿನ ನಿಜವಾದ ಚರಿತ್ರೆಯ ಒಂದು ಪುಟವಾಗುತ್ತದೆ. ನಾಲ್ಕು ಗಂಟೆಗಿಂತ ಹೆಚ್ಚೆಂದು ತಿಳಿದುಬಂದರೆ, ಆ ಪುಟವನ್ನು ನಿಮ್ಮ ಪಂಚಾಯಿತಿಗೂ ತೋರಿಸಿ.